ನೀವಿಲ್ಲದ ಮೊದಲ ಭಾನುವಾರ: ಮಿಷನರಿ ಸೇವೆಯ ಕೊನೆಯ ಆರು ವಾರಗಳಿಗೊಂದು ಮಾರ್ಗದರ್ಶಿ

ಇನ್ನು ಆರೇ ವಾರ ಎಂದು ಗೊತ್ತಾದ ದಿನ ನಾನು ಮಾಡಿದ ಮೊದಲ ಕೆಲಸ, ಮಂಚದ ಕೆಳಗಿದ್ದ ಸೂಟ್‌ಕೇಸ್ ಎಳೆದು ಧೂಳು ಒರೆಸಿದ್ದು. ಜೊತೆಗಾರ ಬಾಗಿಲಲ್ಲಿ ನಿಂತು ನೋಡಿ ನಕ್ಕುಬಿಟ್ಟ. ನಾನು ಸುಮ್ನೆ ಅದನ್ನು ಮತ್ತೆ ಒಳಗೆ ತಳ್ಳಿದೆ. ಆದರೆ ಮನಸ್ಸನ್ನು ತಳ್ಳಲು ಆಗಲಿಲ್ಲ. ಮಿಷನರಿಗಳ ಆಡುಮಾತಿನಲ್ಲಿ ಇದಕ್ಕೆ ‘ಟ್ರಂಕಿ’ ಎನ್ನುತ್ತಾರೆ. ಆಳು ಇನ್ನೂ ಇಲ್ಲೇ ಇದ್ದಾನೆ, ಮನಸ್ಸು ಆಗಲೇ ಟ್ರಂಕಿನೊಳಗೆ ಹೋಗಿ ಕೂತಿದೆ ಎಂದರ್ಥ.

ನಾನು ಸೇವೆ ಮಾಡಿದ್ದು ಅಂತಿಮ ದಿನಗಳ ಸಂತರ ಯೇಸು ಕ್ರಿಸ್ತನ ಸಭೆಯಲ್ಲಿ. ಮಾರ್ಮನ್ ಎಂದರೆ ಹೆಚ್ಚು ಜನಕ್ಕೆ ಗೊತ್ತಾಗುತ್ತದೆ. ಅಲ್ಲಿ ಹುಡುಗರ ಸೇವೆ 24 ತಿಂಗಳು, ಹುಡುಗಿಯರದು 18 ತಿಂಗಳು. ಯಾವಾಗಲೂ ಇಬ್ಬರಿಬ್ಬರು ಜೊತೆಯಾಗಿ ಇರಬೇಕು. ಸುಮಾರು ಆರು ವಾರಕ್ಕೊಮ್ಮೆ ಟ್ರಾನ್ಸ್‌ಫರ್ ಬರುತ್ತದೆ, ಜೊತೆಗಾರ ಬದಲಾಗಬಹುದು, ಊರೂ ಬದಲಾಗಬಹುದು. ಹಾಗಾಗಿ ಕೊನೆಯ ಸುತ್ತು ಅಂದರೆ ಆರು ವಾರ. ನಿಮ್ಮದು ಬೇರೆ ಸಂಸ್ಥೆ, ಬೇರೆ ನಿಯಮ ಇರಬಹುದು. ಕೊನೆಯ ವಾರಗಳ ಗಡಿಬಿಡಿ ಮಾತ್ರ ಎಲ್ಲರಿಗೂ ಒಂದೇ ಥರ.

ಈ ಗಡಿಬಿಡಿಯಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ತಲೆಕೆಟ್ಟಾಗ ನನಗೆ ಸಹಾಯ ಮಾಡಿದ್ದು ಒಂದೇ ಪ್ರಶ್ನೆ: ನಾನು ಹೋದ ಮೇಲಿನ ಮೊದಲ ಭಾನುವಾರ ಈ ಮನುಷ್ಯನ ಪಕ್ಕ ಯಾರು ಕೂರುತ್ತಾರೆ? ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸವೇ ಕೊನೆಯ ಆರು ವಾರಗಳ ಕೆಲಸ. ಉಳಿದದ್ದೆಲ್ಲ ಅದರ ಸುತ್ತ ಹೊಂದಿಸಿಕೊಳ್ಳುವಂಥದ್ದು. ವಾರಗಳನ್ನು ಇಲ್ಲಿ ಇಳಿಕೆಯಲ್ಲಿ ಎಣಿಸಿದ್ದೇನೆ, ಆರನೆಯದು ಮೊದಲು ಬರುತ್ತದೆ.

ಆರನೇ ವಾರ: ಕಾಗದಪತ್ರ ಮುಗಿಸಿ ಕೈತೊಳೆದುಕೊಳ್ಳಿ

ಬೇಸರದ ಕೆಲಸವನ್ನು ಮೊದಲೇ ಮುಗಿಸಿ. ವಾರದ ಬಿಡುವಿನ ದಿನ ಒಂದಿರುತ್ತದಲ್ಲ, ನಾವು ಪಿ-ಡೇ ಎನ್ನುತ್ತಿದ್ದೆವು, ಅಂಥ ಒಂದು ದಿನವನ್ನು ಪೂರ್ತಿ ಇದಕ್ಕೇ ಇಡಿ. ವೀಸಾ ಮುಗಿಯುವ ದಿನಾಂಕ ಮತ್ತು ವಿಮಾನದ ದಿನಾಂಕ ಎರಡನ್ನೂ ಪಕ್ಕಪಕ್ಕ ಬರೆದು ನೋಡಿ. ಕೆಲವು ದೇಶಗಳಲ್ಲಿ ಹೊರಡುವ ಮೊದಲು ವಲಸೆ ಕಚೇರಿಯ ಅನುಮತಿ ಬೇಕಾಗುತ್ತದೆ, ಅದಕ್ಕೆ ವಾರಗಟ್ಟಲೆ ಹಿಡಿಯಬಹುದು. ಮಧ್ಯದಲ್ಲಿ ವಿಮಾನ ಬದಲಿಸುವ ದೇಶಕ್ಕೆ ಟ್ರಾನ್ಸಿಟ್ ವೀಸಾ ಬೇಕೇ ಎಂದು ಮಿಷನ್ ಕಚೇರಿಯಲ್ಲಿ ಕೇಳಿ. ಟಿಕೆಟ್ ಅವರೇ ಮಾಡಿಸುತ್ತಾರೆ ನಿಜ, ಆದರೆ ಪಾಸ್‌ಪೋರ್ಟಿನಲ್ಲಿರುವ ಹೆಸರಿನ ಕಾಗುಣಿತ ಟಿಕೆಟ್‌ನಲ್ಲೂ ಹಾಗೇ ಇದೆಯಾ ಎಂದು ನೋಡಬೇಕಾದವರು ನೀವು.

ಅಲ್ಲಿ ತೋರಿಸಿಕೊಂಡ ಡಾಕ್ಟರು, ಹಲ್ಲಿನ ಡಾಕ್ಟರು ಕೊಟ್ಟ ಚೀಟಿಗಳು, ಹಾಕಿಸಿಕೊಂಡ ಲಸಿಕೆಗಳ ದಾಖಲೆ, ಬ್ಯಾಂಕ್ ಖಾತೆ ಇದ್ದರೆ ಅದನ್ನು ಮುಚ್ಚಿದ್ದಕ್ಕೆ ಪತ್ರ, ಎಲ್ಲದರ ಫೋಟೊ ತೆಗೆದು ನಿಮಗೇ ಇಮೇಲ್ ಮಾಡಿಕೊಳ್ಳಿ. ಇನ್ನೊಂದು ಮಾತು. ಇಮೇಲ್, ಬ್ಯಾಂಕ್ ಇತ್ಯಾದಿ ಖಾತೆಗಳಿಗೆ ಅಲ್ಲಿನ ಫೋನ್ ನಂಬರ್ ಕೊಟ್ಟಿದ್ದರೆ ಈಗಲೇ ಬದಲಿಸಿ. ಸಿಮ್ ವಾಪಸ್ ಕೊಟ್ಟ ಮೇಲೆ ಓಟಿಪಿ ನಿಮಗೆ ಬರುವುದಿಲ್ಲ.

ಮುಂದಿನ ಓದಿಗೆ ಅರ್ಜಿ ಹಾಕುವ ಕಡೆಯ ದಿನಾಂಕ ಈ ವಾರಗಳಲ್ಲೇ ಬಂದರೆ ಅದನ್ನೂ ಇದೇ ದಿನ ಮುಗಿಸಿ. ಮನೆಯವರಿಗೆ ಒಪ್ಪಿಸಬಹುದಾದದ್ದನ್ನು ಒಪ್ಪಿಸಿಬಿಡಿ. ಆಮೇಲೆ ಅದನ್ನು ಮುಟ್ಟಬೇಡಿ.

ಅದೇ ವಾರ: ಹೆಸರು ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಈ ಊರಿನಲ್ಲಿ ನಿಮ್ಮನ್ನು ಕಂಡರೆ ಬಾಗಿಲು ತೆರೆಯುವವರ ಹೆಸರುಗಳನ್ನು ಬರೆಯಿರಿ. ಪಾಠ ಕೇಳುತ್ತಿರುವವರು, ಹೊಸದಾಗಿ ಸಭೆ ಸೇರಿದವರು, ಬರುವುದು ನಿಲ್ಲಿಸಿದವರು, ಧರ್ಮದ ಮಾತು ಬೇಡ ಎಂದರೂ ಬಿಸಿಲಲ್ಲಿ ಕರೆದು ನೀರು ಕೊಟ್ಟವರು. ನನ್ನ ಹಾಳೆಯಲ್ಲಿ 41 ಹೆಸರುಗಳಿದ್ದವು. ಇಷ್ಟೇನಾ ಅನ್ನಿಸಿತು ಮೊದಲು. ಐದನೇ ವಾರದ ಹೊತ್ತಿಗೆ ಇಷ್ಟೊಂದಾ ಅನ್ನಿಸಿತು.

ಪ್ರತಿ ಹೆಸರಿನ ಮುಂದೆ ಇನ್ನೊಂದು ಹೆಸರು ಬರೆಯಬೇಕು. ಅದು ಅದೇ ಊರಲ್ಲಿ ಉಳಿಯುವವರ ಹೆಸರಾಗಿರಬೇಕು. ನಿಮ್ಮ ಜೊತೆಗಾರನ ಹೆಸರು ಬರೆದರೆ ಅರ್ಧ ಉತ್ತರ, ಯಾಕೆಂದರೆ ಅವನೂ ನಾಲ್ಕು ತಿಂಗಳಲ್ಲಿ ಹೋಗುತ್ತಾನೆ. ಅಲ್ಲಿನ ಸದಸ್ಯರ ಹೆಸರು ಬೇಕು. ನನ್ನ ಹಾಳೆಯಲ್ಲಿ ಹದಿನೇಳು ಕಡೆ ಎರಡನೇ ಹೆಸರು ಖಾಲಿ ಇತ್ತು. ಎರಡು ವರ್ಷ ಚೆನ್ನಾಗಿ ಕೆಲಸ ಮಾಡಿದ್ದೇನೆ ಎಂದುಕೊಂಡಿದ್ದವನಿಗೆ ಆ ಹದಿನೇಳು ಖಾಲಿ ಜಾಗ ಸರಿಯಾಗಿ ಮುಖಕ್ಕೆ ಹೊಡೆದವು. ಜನ ಸಭೆಗೆ ಬರುತ್ತಿದ್ದದ್ದು ನನ್ನ ಸ್ನೇಹಕ್ಕೆ. ನಾನೇ ಸೇತುವೆ ಆಗಿದ್ದೆ, ಅದರ ಮೇಲೆ ಬೇರೆ ಯಾರನ್ನೂ ದಾಟಿಸಿರಲಿಲ್ಲ.

ಐದು ಮತ್ತು ನಾಲ್ಕನೇ ವಾರ: ಖಾಲಿ ಜಾಗ ತುಂಬಿಸಿ

ಇಲ್ಲಿ ಸಮಯ ಜಾಸ್ತಿ ಕೊಡಿ. ಖಾಲಿ ಇರುವ ಪ್ರತಿ ಹೆಸರಿನ ಮನೆಗೆ ಒಬ್ಬ ಸ್ಥಳೀಯ ಸದಸ್ಯರನ್ನು ಕರೆದುಕೊಂಡು ಹೋಗಿ. ಯಾರನ್ನು ಕರೆದೊಯ್ಯಬೇಕು ಎಂಬುದರಲ್ಲೇ ಅರ್ಧ ಜಾಣತನ ಇದೆ. ಭಕ್ತಿ ಜಾಸ್ತಿ ಇರುವವರನ್ನೇ ಹುಡುಕಬೇಕೆಂದಿಲ್ಲ. ಒಂದೇ ಬೀದಿಯವರು, ಒಂದೇ ಕಸುಬಿನವರು, ಒಂದೇ ವಯಸ್ಸಿನ ಮಕ್ಕಳಿರುವವರು, ಇಂಥವರ ನಂಟು ಉಳಿಯುತ್ತದೆ. ನಾವು ಒಬ್ಬ ಮೆಕ್ಯಾನಿಕ್‌ನ ಮನೆಗೆ ಸಭೆಯ ಹಿರಿಯರೊಬ್ಬರನ್ನು ಮೂರು ಸಲ ಕರೆದೊಯ್ದೆವು. ಇಬ್ಬರೂ ಸೂಟು ಹಾಕಿದವರಂತೆ ಬಿಗಿಯಾಗಿ ಕೂತಿದ್ದರು. ನಾಲ್ಕನೇ ಸಲ ಹಳೇ ಸ್ಕೂಟರ್ ಇಟ್ಟುಕೊಂಡಿದ್ದ ಒಬ್ಬ ಹುಡುಗನನ್ನು ಕರೆದೊಯ್ದೆವು. ಹತ್ತು ನಿಮಿಷದಲ್ಲಿ ಅವರಿಬ್ಬರೂ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಕಾರ್ಬ್ಯುರೇಟರ್ ಬಿಚ್ಚಿದ್ದರು. ನಾವು ಒಳಗೆ ಸುಮ್ನೆ ಕೂತಿದ್ದೆವು.

ಭೇಟಿಯಲ್ಲಿ ಮಾತನ್ನು ನೀವು ಕಡಿಮೆ ಮಾಡುತ್ತಾ ಬನ್ನಿ. ಮೊದಲ ಸಲ ಪ್ರಾರ್ಥನೆ ನೀವು ಮಾಡಿ, ಎರಡನೇ ಸಲ ಸದಸ್ಯರು ಮಾಡಲಿ, ಮೂರನೇ ಸಲ ಭೇಟಿಯ ಹೊತ್ತನ್ನೂ ಅವರೇ ನಿಗದಿ ಮಾಡಲಿ. ಫೋನ್ ನಂಬರ್ ಅವರವರೇ ಬದಲಾಯಿಸಿಕೊಳ್ಳಲಿ. ನೀವು ನಡುವೆ ನಿಂತು ಒಬ್ಬರ ನಂಬರ್ ಇನ್ನೊಬ್ಬರಿಗೆ ಕೇಳದೇ ಕೊಡಬೇಡಿ.

ಟಿಪ್ಪಣಿ ಬರೆಯುವುದು

ನಿಮ್ಮ ಜಾಗಕ್ಕೆ ಬರುವವರು ಓದುವುದು ನೀವು ಬರೆದಿಟ್ಟದ್ದನ್ನೇ. ನಾವು ಅದನ್ನು ಏರಿಯಾ ಬುಕ್ ಎನ್ನುತ್ತೇವೆ. ಮೊದಲು ದಪ್ಪ ಫೈಲು, ಈಗ ಆ್ಯಪ್. ಆದರೆ ನಾನು ಹೋದ ಊರುಗಳಲ್ಲೆಲ್ಲ ಅದರಲ್ಲಿ ಕಂಡದ್ದು ಒಂದೇ ಮಾತು: ‘ಒಳ್ಳೆಯ ಕುಟುಂಬ, ಭೇಟಿ ಮುಂದುವರಿಸಿ.’ ಇದರಿಂದ ಯಾರಿಗೇನು ಉಪಯೋಗ? ಒಳ್ಳೆಯ ಕುಟುಂಬ ಎಂದು ನೋಡಿದ ತಕ್ಷಣ ಗೊತ್ತಾಗುತ್ತದಲ್ವಾ.

ನೋಡಿದ ತಕ್ಷಣ ಗೊತ್ತಾಗದ್ದನ್ನು ಬರೆಯಿರಿ. ನಾನು ಒಬ್ಬ ಅಜ್ಜಿಯ ಬಗ್ಗೆ ಬರೆದದ್ದು ಹೀಗಿತ್ತು: ‘ಎಡಗಿವಿ ಕೇಳಿಸುವುದಿಲ್ಲ, ಬಲಗಡೆ ಕೂರಿ. ಕೇಳಿಸದಿದ್ದರೂ ಹೂಂ ಎನ್ನುತ್ತಾರೆ, ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಮಗನಿಗೆ ರಾತ್ರಿ ಪಾಳಿ, ಮಧ್ಯಾಹ್ನ ನಾಲ್ಕಕ್ಕಿಂತ ಮೊದಲು ಬಾಗಿಲು ಬಡಿಯಬೇಡಿ. ಗೋಡೆಯ ಮೇಲಿನ ಫೋಟೊ ಯಾರದೆಂದು ಅವರಾಗಿಯೇ ಹೇಳುವ ತನಕ ಕೇಳಬೇಡಿ.’ ನಾಲ್ಕು ಸಾಲು. ಇದನ್ನು ಕಲಿಯಲು ನಮಗೆ ಐದು ತಿಂಗಳು ಹಿಡಿದಿತ್ತು.

ಒಂದು ಎಚ್ಚರಿಕೆ. ಆ ಮನೆಯವರೇ ನಿಮ್ಮ ಬೆನ್ನ ಹಿಂದೆ ನಿಂತು ಓದುತ್ತಿದ್ದಾರೆ ಎಂದುಕೊಂಡು ಬರೆಯಿರಿ. ಸಾಲ, ಜಗಳ, ಗುಟ್ಟಾಗಿ ಹೇಳಿಕೊಂಡ ಸಂಕಟ, ಇವೆಲ್ಲ ಅವರ ಸ್ವತ್ತು. ಅವನ್ನು ಬರೆದಿಡುವ ಹಕ್ಕು ನಮಗಿಲ್ಲ.

ಲೆಕ್ಕ ತುಂಬಿಸುವ ಆಸೆ

ಇದು ಕೆಲವರಿಗೆ ಕಹಿಯಾಗಬಹುದು. ಹೇಳದೇ ಇರಲಾರೆ. ಕೊನೆಯ ವಾರಗಳಲ್ಲಿ ‘ನಾನು ಹೋಗುವ ಮೊದಲು ಇವರಿಗೊಂದು ದೀಕ್ಷಾಸ್ನಾನ ಆಗಿಬಿಡಲಿ’ ಎಂಬ ಆಸೆ ಬರುತ್ತದೆ. ತುಂಬಾ ಸಹಜ. ಆದರೆ ದಿನಾಂಕವನ್ನು ನಿಮ್ಮ ಟಿಕೆಟ್ ನೋಡಿ ಇಡಬೇಡಿ. ಅವರು ಹೂಂ ಎನ್ನುವುದು ನಂಬಿಕೆಗೋ ಅಥವಾ ನಿಮ್ಮನ್ನು ಬೇಸರಪಡಿಸಬಾರದೆಂಬ ಮರ್ಯಾದೆಗೋ? ಗೊತ್ತಾಗಬೇಕಾದರೆ ನೇರವಾಗಿ ಕೇಳಿ: ‘ನಾನು ನಾಳೆಯೇ ಹೊರಟುಹೋದರೂ ಇದು ನಿಮಗೆ ಬೇಕೇ?’ ನಾನು ಕೇಳಿದಾಗ ಒಬ್ಬರು ಬಹಳ ಹೊತ್ತು ನೆಲ ನೋಡುತ್ತಾ ಕೂತು, ಇನ್ನೂ ಸ್ವಲ್ಪ ದಿನ ಬೇಕು ಎಂದರು. ನಾನಿದ್ದಾಗ ಅದು ಆಗಲಿಲ್ಲ. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ.

ಮೂರನೇ ವಾರ: ಮುರಿದದ್ದನ್ನು ಸರಿಮಾಡಿ

ದೇಶ ಬಿಡುವವರಿಗೆ ಡೇವಿಡ್ ಪೊಲ್ಲಾಕ್ ಎಂಬವರು ಒಂದು ಸುಲಭದ ಕ್ರಮ ಹೇಳಿಕೊಟ್ಟಿದ್ದಾರೆ. ಬೇರೆ ಬೇರೆ ದೇಶಗಳಲ್ಲಿ ಬೆಳೆದ ಮಕ್ಕಳ ಬಗ್ಗೆ ಅಧ್ಯಯನ ಮಾಡಿದವರು ಅವರು. ನಾಲ್ಕು ಹೆಜ್ಜೆ: ಮುನಿಸು ತೀರಿಸಿಕೊಳ್ಳುವುದು, ಉಪಕಾರ ನೆನೆದು ಹೇಳುವುದು, ಸರಿಯಾಗಿ ವಿದಾಯ ಹೇಳುವುದು, ಹೋಗುವ ಜಾಗದ ಬಗ್ಗೆ ಯೋಚಿಸುವುದು. ಇಂಗ್ಲಿಷಿನ ಮೊದಲಕ್ಷರಗಳನ್ನು ಸೇರಿಸಿದರೆ ‘ರಾಫ್ಟ್’, ಅಂದರೆ ತೆಪ್ಪ. ಹೆಚ್ಚಿನವರು ಮೂರನೆಯದನ್ನು ಮಾತ್ರ ಮಾಡಿ ವಿಮಾನ ಹತ್ತುತ್ತಾರೆ. ನನ್ನ ಅನುಭವದಲ್ಲಿ ಮೊದಲನೆಯದೇ ಕಷ್ಟ, ಮೊದಲನೆಯದೇ ಮುಖ್ಯ.

ನನಗೊಬ್ಬ ಹಳೇ ಜೊತೆಗಾರನಿದ್ದ. ಬೆಳಗ್ಗೆ ಆರೂವರೆಗೆ ಏಳುವ ನಿಯಮ. ಅವನ ಅಲಾರಂ ಆರೂಕಾಲಿನಿಂದಲೇ ಐದೈದು ನಿಮಿಷಕ್ಕೆ ಹೊಡೆದುಕೊಳ್ಳುತ್ತಿತ್ತು, ಅವನು ಮಾತ್ರ ಏಳುತ್ತಿರಲಿಲ್ಲ. ಇಷ್ಟಕ್ಕೇ ಒಂದೂವರೆ ತಿಂಗಳು ನಾವು ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದೆವು. ಈಗ ನೆನೆದರೆ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ. ಮೂರನೇ ವಾರ ಅವನಿಗೆ ಫೋನ್ ಮಾಡಿ, ‘ಆ ಊರಲ್ಲಿ ನಾನು ಸಣ್ಣತನ ಮಾಡಿದೆ, ತಪ್ಪಾಯ್ತು’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅವನು, ‘ಅಲಾರಂ ಈಗಲೂ ಹಾಗೇ ಇದೆ’ ಎಂದ. ನಾಲ್ಕು ನಿಮಿಷದ ಕರೆ.

ಕ್ಷಮೆ ಕೇಳುವಾಗ ನಿಮ್ಮ ಪಾಲಿನದಷ್ಟೇ ಹೇಳಿ. ‘ನೀನೂ ಹಾಗೆ ಮಾಡಿದ್ದೆ’ ಎಂದು ಬಾಲ ಸೇರಿಸಿದರೆ ಅದು ಜಗಳದ ಎರಡನೇ ಕಂತು. ಉಪಕಾರ ನೆನೆಯುವಾಗಲೂ ಅಷ್ಟೇ. ‘ಎಲ್ಲದಕ್ಕೂ ಥ್ಯಾಂಕ್ಸ್’ ಎಂದರೆ ಗಾಳಿಗೆ ಹೋಗುತ್ತದೆ. ‘ಜ್ವರ ಬಂದಾಗ ರಾತ್ರಿ ಛತ್ರಿ ಹಿಡಿದು ಬಂದಿರಲ್ಲ, ಮರೆತಿಲ್ಲ’ ಎಂದರೆ ಉಳಿಯುತ್ತದೆ.

ಎರಡನೇ ವಾರ: ವಿದಾಯದ ಓಡಾಟ

ಈಗ ಊಟದ ಕರೆಗಳು ಶುರುವಾಗುತ್ತವೆ. ಎಲ್ಲರಿಗೂ ನಿಮ್ಮನ್ನು ಒಂದು ಹೊತ್ತು ಕೂರಿಸಿ ಬಡಿಸುವ ಆಸೆ. ದಿನಕ್ಕೆ ಒಂದೇ ಮನೆ ಎಂದು ಮೊದಲೇ ತೀರ್ಮಾನಿಸಿ. ನಾನು ಇಲ್ಲ ಎನ್ನಲಾರದೆ ಒಂದೇ ಸಂಜೆ ಮೂರು ಮನೆಯಲ್ಲಿ ಉಂಡೆ. ಮಾರನೇ ದಿನದಿಂದ ಎರಡು ದಿನ ಹಾಸಿಗೆ ಹಿಡಿದೆ. ಅಷ್ಟೊತ್ತಿಗೆ ಉಳಿದಿದ್ದದ್ದೇ ಒಂಬತ್ತು ದಿನ. ಒಂದೇ ಬೀದಿಯ ನಾಲ್ಕು ಮನೆಯವರನ್ನು ಒಂದೆಡೆ ಸೇರಿಸಿದರೆ ಎಲ್ಲರಿಗೂ ಸಿಕ್ಕಂತಾಯಿತು, ಅವರವರ ಪರಿಚಯವೂ ಆಯಿತು. ನಿಮ್ಮ ಹಾಳೆಯ ಎರಡನೇ ಹೆಸರುಗಳಿಗೂ ಇದರಿಂದ ಒಳ್ಳೆಯದೇ.

ಮಾತು ಕೊಡುವಾಗ ಜಿಪುಣರಾಗಿ. ‘ಖಂಡಿತ ಮತ್ತೆ ಬರ್ತೀನಿ’ ಎಂದು ಮಕ್ಕಳಿಗೆ ಹೇಳಬೇಡಿ. ನೀವು ಸುಮ್ನೆ ಹೇಳಿದ್ದು, ಆ ಮಗು ದಿನ ಎಣಿಸುತ್ತದೆ. ಹಣ, ವೀಸಾ, ಕೆಲಸ ಕೊಡಿಸುವ ಮಾತಂತೂ ಬೇಡವೇ ಬೇಡ. ‘ತಿಂಗಳಿಗೊಂದು ಮೆಸೇಜ್ ಹಾಕ್ತೀನಿ’ ಎಂದು ಹೇಳಿ, ಅದನ್ನಾದರೂ ತಪ್ಪದೇ ಮಾಡಿ. ಫೋಟೊ ತೆಗೆಯುವ ಮೊದಲು ಕೇಳಿ. ಮಕ್ಕಳ ಫೋಟೊ ಆದರೆ ಅಪ್ಪ ಅಮ್ಮನನ್ನು ಕೇಳಿ. ಬಡತನವನ್ನು ಹಿನ್ನೆಲೆಗೆ ಇಟ್ಟುಕೊಂಡು ನಗುವ ಫೋಟೊ ಬೇಡ.

ಈ ಓಡಾಟದಲ್ಲಿ ನಾವು ಮರೆಯುವುದು ಪಕ್ಕದಲ್ಲೇ ಇರುವ ಜೊತೆಗಾರನನ್ನು. ಮಿಷನರಿ ಮಾತಿನಲ್ಲಿ ಸೇವೆ ಮುಗಿಸಿ ಹೊರಡುವವನು ‘ಸಾಯುತ್ತಾನೆ’, ಕೊನೆಯ ಜೊತೆಗಾರ ಅವನನ್ನು ‘ಕೊಲ್ಲುತ್ತಾನೆ’. ಮೊದಲು ತರಬೇತಿ ಕೊಟ್ಟವನು ‘ಅಪ್ಪ’. ತಮಾಷೆಯ ಮಾತೇ. ಆದರೆ ಪಾಪ, ಆ ಹುಡುಗ ಆರು ವಾರ ನಿಮ್ಮ ಹಿಂದೆ ಮನೆಮನೆ ತಿರುಗಿ, ತನಗೆ ಗೊತ್ತಿಲ್ಲದವರ ಕಣ್ಣೀರು ನೋಡುತ್ತಾ ಕೂತಿರುತ್ತಾನೆ. ಅವನ ಕೆಲಸ ನೀವು ಹೋದ ಮೇಲೂ ಇದೆ. ದಿನದ ಅರ್ಧವಾದರೂ ಅವನು ಹೇಳಿದ ಕಡೆ ಹೋಗಿ.

ಮನೆಯವರ ಕರೆಯೂ ಇದೇ ಹೊತ್ತಿನಲ್ಲಿ ಬಿಸಿಯೇರುತ್ತದೆ. ನಮ್ಮ ಸಭೆಯಲ್ಲಿ ಮೊದಲು ವರ್ಷಕ್ಕೆ ಎರಡೇ ಸಲ ಮನೆಗೆ ಫೋನ್ ಮಾಡಲು ಬಿಡುತ್ತಿದ್ದರು, ಉಳಿದಂತೆ ವಾರಕ್ಕೊಂದು ಇಮೇಲ್. 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಮಾತಾಡಬಹುದು. ಒಳ್ಳೆಯದೇ ಆಯಿತು. ಆದರೆ ಕೊನೆಯ ವಾರಗಳಲ್ಲಿ ಯಾರ್ಯಾರು ಏರ್‌ಪೋರ್ಟಿಗೆ ಬರುತ್ತಾರೆ, ಯಾವ ಬಣ್ಣದ ಬ್ಯಾನರ್ ಎಂಬುದೇ ಮಾತಾಗುತ್ತದೆ. ‘ಬಂದ ಮೇಲೆ ಮಾತಾಡೋಣ, ಈ ವಾರ ಯಾರನ್ನು ಭೇಟಿಯಾದೆ ಅಂತ ಕೇಳಿ’ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಕೇಳಿದರು. ಎರಡು ನಿಮಿಷ ಬಿಟ್ಟು ಮತ್ತೆ ಬ್ಯಾನರ್‌ಗೆ ಬಂದರು.

ಕೊನೆಯ ವಾರ: ಪೆಟ್ಟಿಗೆ, ಸಂದರ್ಶನ, ಕೊನೆಯ ಮಾತು

ಪೆಟ್ಟಿಗೆಗೆ ಒಂದು ಸಂಜೆ ಸಾಕು. ಇಕಾನಮಿ ಟಿಕೆಟ್‌ಗೆ ಸಾಮಾನ್ಯವಾಗಿ ಒಂದು ಪೆಟ್ಟಿಗೆಗೆ 23 ಕಿಲೋ ಮಿತಿ, ನಿಮ್ಮ ಟಿಕೆಟ್‌ನಲ್ಲಿ ನೋಡಿಕೊಳ್ಳಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಡೈರಿ, ಪತ್ರ, ಹಾರ್ಡ್ ಡಿಸ್ಕ್ ಕೂಡ ಕೈಚೀಲಕ್ಕೆ, ಪೆಟ್ಟಿಗೆ ಕಳೆದರೆ ಬಟ್ಟೆ ಮತ್ತೆ ಕೊಳ್ಳಬಹುದು. ಸೈಕಲ್ಲು, ಕೋಟು, ಪಾತ್ರೆ ಮುಂದಿನ ಮಿಷನರಿಗೆ ಬಿಡಿ. ಒಂದೇ ಮನೆಗೆ ಎಲ್ಲ ಕೊಟ್ಟು ಬಂದರೆ ಪಕ್ಕದ ಮನೆಯಲ್ಲಿ ಮುನಿಸು ಬಿಟ್ಟು ಬಂದಂತೆ.

ಮಿಷನ್ ಅಧ್ಯಕ್ಷರೊಂದಿಗೆ ಕೊನೆಯ ಸಂದರ್ಶನಕ್ಕೆ ಖಾಲಿ ತಲೆಯಲ್ಲಿ ಹೋಗಬೇಡಿ. ಮೂರು ಪ್ರಶ್ನೆ ಬರೆದುಕೊಳ್ಳಿ. ನನ್ನಲ್ಲಿ ಏನು ಬದಲಾಗಿದೆ, ಏನು ಇನ್ನೂ ಬದಲಾಗಿಲ್ಲ ಎಂದು ಕೇಳಿದರೆ ಅವರು ಹೇಳುವುದು ತುಂಬಾ ದಿನ ಉಪಯೋಗಕ್ಕೆ ಬರುತ್ತದೆ. ಮನಸ್ಸಿಗೆ ಕಷ್ಟವಾಗಿದ್ದನ್ನೂ ಮುಚ್ಚಿಡದೆ ಹೇಳಿ.

ಸಭೆಯಲ್ಲಿ ಕೊನೆಯ ಸಲ ಸಾಕ್ಷಿ, ಅಂದರೆ ನಿಮ್ಮ ನಂಬಿಕೆಯ ಮಾತು, ಹೇಳುವಾಗ ಮೂರು ನಿಮಿಷ ಸಾಕು, ಅಲ್ಲಿನ ಭಾಷೆಯಲ್ಲೇ ಹೇಳಿ. ಎರಡು ವರ್ಷದ ಪ್ರವಾಸಕಥನ ಬೇಡ. ತಪ್ಪು ವ್ಯಾಕರಣ ಇದ್ದರೂ ಇರಲಿ. ಅವರು ಇಷ್ಟು ದಿನ ಅದನ್ನೇ ಕೇಳಿಸಿಕೊಂಡಿದ್ದಾರೆ.

ಇಳಿದ ಮೇಲೆ

ನಮ್ಮಲ್ಲಿ ಮನೆ ಮುಟ್ಟಿದ ತಕ್ಷಣ ಸೇವೆ ಮುಗಿಯುವುದಿಲ್ಲ. ಊರಿನ ಸ್ಟೇಕ್ ಅಧ್ಯಕ್ಷರು, ಅಂದರೆ ಹಲವು ಸಭೆಗಳ ಹೊಣೆ ಹೊತ್ತವರು, ಬಿಡುಗಡೆ ಮಾಡಬೇಕು. ಅಲ್ಲಿಯ ತನಕ ಎದೆಯ ಮೇಲಿನ ಹೆಸರಿನ ಫಲಕ ಇರುತ್ತದೆ. ತೆಗೆದ ಮೇಲೆ ಎಷ್ಟೋ ದಿನ ಕೈ ತಾನಾಗಿ ಆ ಜಾಗಕ್ಕೆ ಹೋಗುತ್ತದೆ.

ಬೇರೆ ದೇಶದಲ್ಲಿ ಇರುವವರ ಮನಸ್ಸು ಇಳಿದು ಮತ್ತೆ ಏರುವುದನ್ನು ಇಂಗ್ಲಿಷಿನ ಯು ಅಕ್ಷರಕ್ಕೆ ಹೋಲಿಸುತ್ತಿದ್ದರು. ಸಂಶೋಧಕರಾದ ಗುಲಾಹಾರ್ನ್ ದಂಪತಿ 1963ರಲ್ಲಿ ಅದನ್ನು ಡಬ್ಲ್ಯು ಮಾಡಿದರು. ಮನೆಗೆ ಮರಳಿದ ಮೇಲೆ ಇನ್ನೊಂದು ಇಳಿಜಾರು ಇದೆ ಎಂದು ತೋರಿಸಿದರು. ನನಗೆ ಅದು ಬಂದದ್ದು ವಿಚಿತ್ರ ರೀತಿಯಲ್ಲಿ. ಎರಡು ವರ್ಷ ಒಬ್ಬನೇ ಇದ್ದದ್ದೇ ಇಲ್ಲ, ಮನೆಯಲ್ಲಿ ಒಂದು ಮಧ್ಯಾಹ್ನ ಒಬ್ಬನೇ ಉಳಿದಾಗ ಅಂಗಡಿಗೆ ಹೋಗಲು ಜೊತೆಗೆ ಯಾರಿಗಾಗಿ ಕಾಯಬೇಕೋ ತಿಳಿಯದೆ ಬಾಗಿಲಲ್ಲಿ ನಿಂತಿದ್ದೆ. ಇಂಥದ್ದು ಸಹಜ. ಆದರೆ ನಿದ್ದೆ ಕೆಟ್ಟು, ಯಾವುದೂ ಬೇಡ ಎನ್ನಿಸುವುದು ಎರಡು ವಾರ ದಾಟಿದರೆ ಡಾಕ್ಟರನ್ನೋ ಆಪ್ತಸಮಾಲೋಚಕರನ್ನೋ ನೋಡಿ. ಪ್ರಾರ್ಥನೆಯಿಂದಲೇ ಸರಿಹೋಗಬೇಕೆಂಬ ಹಟ ಬೇಡ.

ಎಲ್ಲರೂ ‘ಹೇಗಿತ್ತು?’ ಎಂದು ಕೇಳುತ್ತಾರೆ. ಅರ್ಧ ನಿಮಿಷದ ಒಂದು ಉತ್ತರ, ಐದು ನಿಮಿಷದ ಒಂದು ಉತ್ತರ ತಯಾರಿಟ್ಟುಕೊಳ್ಳಿ. ಪೂರ್ತಿ ಕಥೆ ಕೇಳುವವರು ಇಬ್ಬರೋ ಮೂವರೋ ಸಿಗುತ್ತಾರೆ.

ಕಲಿತ ಭಾಷೆಯನ್ನು ತುಕ್ಕು ಹಿಡಿಯಲು ಬಿಡಬೇಡಿ. ಕಿಟೆಲ್ ಅವರು 1853ರಲ್ಲಿ ಮಿಷನರಿಯಾಗಿ ಬಂದು ಕಲಿತ ಕನ್ನಡವನ್ನು ಕಡೆಯ ತನಕ ಬಿಡಲಿಲ್ಲ. ನಿಘಂಟು ಬಂದದ್ದು 1894ರಲ್ಲಿ, ವ್ಯಾಕರಣ 1903ರಲ್ಲಿ, ಅವರು ತೀರಿಕೊಂಡದ್ದೂ ಅದೇ ವರ್ಷ. ನಾವು ನಿಘಂಟು ಬರೆಯಬೇಕಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಆ ಭಾಷೆಯಲ್ಲಿ ಯಾರೊಂದಿಗಾದರೂ ಹರಟಿದರೂ ಸಾಕು.

ಹಿಂದೆ ಬಿಟ್ಟ ಊರಿಗೆ ಮೊದಲ ತಿಂಗಳು ಸಲಹೆ ಕಳಿಸಬೇಡಿ. ಕ್ಷೇಮ ಕೇಳಿ, ಅಷ್ಟೇ. ನನಗೆ ಆ ಮೊದಲ ಭಾನುವಾರ ನಿದ್ದೆಯ ಹೊತ್ತೆಲ್ಲ ಉಲ್ಟಾ ಆಗಿತ್ತು, ರಾತ್ರಿ ಮೂರಕ್ಕೆ ಎಚ್ಚರವಾಯಿತು. ಫೋನ್‌ನಲ್ಲಿ ಜೊತೆಗಾರನ ಒಂದು ಮೆಸೇಜ್ ಇತ್ತು: ‘ಇವತ್ತು ಸಭೆಯಲ್ಲಿ ಅಜ್ಜಿಯ ಬಲಗಡೆ ಕೂರೋಣ ಅಂತ ಹೋದೆ. ಜಾಗ ಇರಲಿಲ್ಲ. ಮೆಕ್ಯಾನಿಕ್ ಕೂತಿದ್ದ.’